ತಾಳಗುಂದದಿಂದ ಬಂದಳಿಕೆಗೆ

ಶಿರಾಳಕೊಪ್ಪದ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಮದುವೆ, ಗೃಹಪ್ರವೇಶ ಅಂತ ವರ್ಷಕ್ಕೊಮ್ಮೆಯಾದರೂ ಎಲ್ಲರೂ ಅಲ್ಲಿ ಸೇರುತ್ತೇವೆ. ಕಾರ್ಯ ಮುಗಿದ ಮಾರನೇ ದಿನ ಗಾಡಿ ಹತ್ತುವುದು ಜೋಗಕ್ಕೆ, ಇಲ್ಲಾಂದ್ರೆ ಸಿಗಂದೂರಿಗೆ. ಈ ಸಲವೂ ಟೆಂಪೋ ತುಂಬಿತ್ತು. ನಾನು ಮತ್ತು ನನ್ನ ಮಗಳು ಮಾತ್ರ ಹತ್ತಲಿಲ್ಲ. ದೊಡ್ಡಪ್ಪ ಹಿಂದಿನ ರಾತ್ರಿಯೇ ಹೇಳಿದ್ದರು: "ಜೋಗ ಇನ್ನೊಂದ್ಸಲ ನೋಡಿದರಾಯ್ತು ಕಣಮ್ಮ. ನಮ್ಮ ತಾಲ್ಲೂಕು ತೋರಿಸ್ತೀನಿ, ಒಂದಿನ ಇರಿ."

ದೊಡ್ಡಪ್ಪ ರಿಟೈರ್ಡ್ ಮೇಷ್ಟ್ರು. ಈ ಸುತ್ತಿನ ಹಳ್ಳಿ ಶಾಲೆಗಳಲ್ಲೇ ಕೆಲಸ ಮಾಡಿದವರು. ಅವರ ಹಳೇ ಓಮ್ನಿಯಲ್ಲಿ ಬೆಳಗ್ಗೆ ಹೊರಟೆವು. ದೊಡ್ಡಮ್ಮ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದರು. ಮಳೆಗಾಲ ಮುಗಿದು ಕೆರೆಗಳೆಲ್ಲ ತುಂಬಿದ್ದ ಹೊತ್ತು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಗಲು ಹರವಿದ್ದರು. ಅಂಗಳಗಳಲ್ಲಿ ಅಡಿಕೆ ಸುಲಿಯುತ್ತಿದ್ದರು. ಹೊರಗಿನವರಿಗೆ ಶಿಕಾರಿಪುರ ತಾಲ್ಲೂಕು ಅಂದರೆ ಇಷ್ಟೇ: ಅಡಿಕೆ, ಶುಂಠಿ, ಜೋಳ, ಕೆರೆ.

ಮೊದಲು ತಾಳಗುಂದ. ಪ್ರಣವೇಶ್ವರ ದೇವಸ್ಥಾನ ದೊಡ್ಡದೇನಲ್ಲ. ಗೋಪುರ, ಪ್ರಾಕಾರ ನೋಡಿ ರೂಢಿಯಾದವರು ಐದು ನಿಮಿಷಕ್ಕೆ ಹೊರಗೆ ಬಂದುಬಿಡಬಹುದು. ನೋಡಬೇಕಾದ್ದು ಮುಂದೆ ನಿಂತಿರುವ ಕಂಬ. ಹೆಚ್ಚು ಕಡಿಮೆ ಒಂದಾಳೆತ್ತರದ, ಎಂಟು ಮುಖದ ಕಲ್ಲಿನ ಕಂಬ. ಅದರ ಮೈತುಂಬ ಅಕ್ಷರ.

"ಓದು ನೋಡೋಣ," ಅಂದರು ದೊಡ್ಡಪ್ಪ. ಮಗಳು ಎದುರು ನಿಂತು ನೋಡಿದಳು, ಏನೂ ತಿಳಿಯಲಿಲ್ಲ. "ಕುತ್ತಿಗೆ ಎಡಕ್ಕೆ ವಾಲಿಸು ಪುಟ್ಟಿ." ಆಗ ಗೊತ್ತಾಯಿತು. ಸಾಲುಗಳು ಅಡ್ಡಡ್ಡ ಇಲ್ಲ. ಬುಡದಲ್ಲಿ ಶುರುವಾಗಿ ಮೇಲಕ್ಕೆ ಹತ್ತುತ್ತವೆ. ಒಂದೊಂದು ಮುಖದಲ್ಲಿ ಎರಡೆರಡು ಸಾಲು, ಕೊನೆಯ ಮುಖದಲ್ಲಿ ಮಾತ್ರ ಒಂದು ಗಿಡ್ಡ ಸಾಲು. ಪ್ರತಿ ಅಕ್ಷರದ ತಲೆಯ ಮೇಲೂ ಪುಟ್ಟ ಚೌಕ. ಬಿಸಿಲು ಓರೆಯಾಗಿ ಬೀಳುತ್ತಿದ್ದರಿಂದ ಆ ಚೌಕಗಳು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಹಾಗಾಗಿ ಬೆಳಗ್ಗೆಯೇ ಹೋಗಬೇಕು. ಮಧ್ಯಾಹ್ನ ನೆತ್ತಿ ಬಿಸಿಲಿಗೆ ಅಕ್ಷರ ಅಳಿಸಿಹೋದಂತೆ ಕಾಣುತ್ತದೆ ಅಂತ ದೊಡ್ಡಪ್ಪ ಹೇಳಿದರು.

ಕದಂಬರ ಶಾಂತಿವರ್ಮ 5ನೇ ಶತಮಾನದಲ್ಲಿ ಬರೆಸಿದ ಶಾಸನ ಇದು. ಭಾಷೆ ಸಂಸ್ಕೃತ. ಮಯೂರಶರ್ಮನ ಕತೆ ನಮಗೆಲ್ಲ ಗೊತ್ತಿದೆಯಲ್ಲ, ಅದಕ್ಕೆ ಮೂಲವೇ ಈ ಕಂಬ. ಗುರು ವೀರಶರ್ಮನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ, ಅಂದರೆ ಆ ಕಾಲದ ದೊಡ್ಡ ವಿದ್ಯಾಕೇಂದ್ರಕ್ಕೆ, ಓದಲು ಹೋದ ಹುಡುಗ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗುತ್ತದೆ. ಅವಮಾನ ತಾಳಲಾರದೆ, ದರ್ಭೆ, ಸಮಿತ್ತು ಹಿಡಿದು ಪಳಗಿದ ಕೈಯಲ್ಲಿ ಕತ್ತಿ ಹಿಡಿಯುತ್ತಾನೆ. ಶ್ರೀಪರ್ವತದ ಕಾಡು ಸೇರಿ ಪಲ್ಲವರಿಗೆ ಕಾಟ ಕೊಡುತ್ತಾನೆ. ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಇದೆಲ್ಲ ನಾನು ಶಾಲೆಯಲ್ಲಿ ಓದಿದ್ದೇ. ನನಗೆ ಗೊತ್ತಿಲ್ಲದಿದ್ದದ್ದು ಕೊನೆಯ ಭಾಗ. ಶಾಂತಿವರ್ಮನ ಅಪ್ಪ ಕಾಕುಸ್ಥವರ್ಮ ಈ ಗುಡಿಯ ಹತ್ತಿರ ಒಂದು ಕೆರೆ ಕಟ್ಟಿಸಿದ. ಅದನ್ನು ಹೇಳುವುದಕ್ಕೇ ಈ ಶಾಸನ ಹುಟ್ಟಿದ್ದು. ಒಂದು ರಾಜವಂಶದ ಕತೆಯೆಲ್ಲ ಒಂದು ಕೆರೆಯ ನೆಪದಲ್ಲಿ ನಮಗೆ ಉಳಿದಿದೆ. ಆಮೇಲೆ ಕವಿಯ ಹೆಸರೂ ಇದೆ, ಕುಬ್ಜ. ತನ್ನ ಈ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆ ಅಂತ ಹೇಳಿಕೊಂಡಿದ್ದಾನೆ. ಮಗಳಿಗೆ ಮಯೂರಶರ್ಮನಿಗಿಂತ ಈ ಕುಬ್ಜನ ಮೇಲೆ ಆಸಕ್ತಿ. "ತಪ್ಪು ಬರೆದರೆ ಏನು ಮಾಡ್ತಿದ್ದ ಅಜ್ಜ?" ಅಂತ ಕೇಳಿದಳು. ಒಳ್ಳೇ ಪ್ರಶ್ನೆ. ದೊಡ್ಡಪ್ಪ ನಗುತ್ತಾ, "ಅದಕ್ಕೇ ನೋಡು, ಮೊದಲೇ ಯೋಚನೆ ಮಾಡಿ ಬರೀಬೇಕು," ಅಂದರು. ಪಕ್ಕಾ ಮೇಷ್ಟ್ರ ಉತ್ತರ.

ಇದೇ ಆವರಣದಲ್ಲಿ 2013ರಲ್ಲಿ ಅಗೆತ ಮಾಡಿದಾಗ ಸಿಂಹಕಟಾಂಜನದ (ಸಿಂಹ ಕೆತ್ತಿದ ಮೆಟ್ಟಿಲಿನ ಕೈಕಟ್ಟೆ) ಮೇಲೆ ಬರೆದ ಇನ್ನೊಂದು ಶಾಸನ ಸಿಕ್ಕಿತು. ಅದು ಕ್ರಿ.ಶ. 370ರ ಹೊತ್ತಿನದು, ಹಲ್ಮಿಡಿಗಿಂತ ಹಳೆಯದು ಎಂದು ಪುರಾತತ್ವ ಇಲಾಖೆಯವರು ಗುರುತಿಸಿದ್ದಾರೆ. ಅಂದರೆ ಕನ್ನಡ ಅಕ್ಷರದ ಅತಿ ಹಳೆಯ ಗುರುತುಗಳಲ್ಲಿ ಒಂದು ಈ ಜೋಳದ ಹೊಲಗಳ ಮಧ್ಯದ ಹಳ್ಳಿಯಲ್ಲಿದೆ. ನಾವಿದ್ದಷ್ಟು ಹೊತ್ತೂ ಅಲ್ಲಿಗೆ ಬೇರೆ ಯಾರೂ ಬರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು.

ಅಲ್ಲಿಂದ ಬಳ್ಳಿಗಾವಿ ಹತ್ತಿರವೇ. ಈಗ ನೋಡಿದರೆ ಹಂಚಿನ ಮನೆ, ಹುಲ್ಲಿನ ಬಣವೆ, ಟ್ರಾಕ್ಟರ್ ಇರುವ ಒಂದು ಊರು. ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ಹನ್ನೆರಡು ಸಾವಿರ ಎಂಬ ಪ್ರಾಂತ್ಯದ ರಾಜಧಾನಿ. ಐದು ಮಠ, ಮೂರು ಪುರ, ಏಳು ಬ್ರಹ್ಮಪುರಿ (ಬ್ರಾಹ್ಮಣರ ಕೇರಿ) ಇದ್ದವು ಅಂತ ಶಾಸನಗಳು ಹೇಳುತ್ತವೆ. ಶೈವ, ವೈಷ್ಣವ, ಜೈನ, ಬೌದ್ಧ ಎಲ್ಲರಿಗೂ ಜಾಗವಿತ್ತು. 1065ರಲ್ಲಿ ಇಲ್ಲಿ ಬೌದ್ಧ ವಿಹಾರ ಕಟ್ಟಿಸಿದ್ದಾರೆ. ನಾಗಿಯಕ್ಕ ಎಂಬ ಹೆಣ್ಣುಮಗಳು ತಾರಾ ಭಗವತಿಯ ಮೂರ್ತಿ ಮಾಡಿಸಿಕೊಟ್ಟಿದ್ದಾಳೆ.

ಊರೊಳಗೆ ಭೇರುಂಡೇಶ್ವರನ ಕಂಬವಿದೆ. 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ್ದು, ಸುಮಾರು 30 ಅಡಿ ಎತ್ತರ. ಇವತ್ತು ನಮ್ಮ ಸರ್ಕಾರದ ಮುದ್ರೆಯಲ್ಲಿರುವ ಗಂಡಭೇರುಂಡಕ್ಕೆ ಅಷ್ಟು ಹಿಂದೆಯೇ ಇಲ್ಲಿ ಕಂಬ ಎತ್ತಿದ್ದರು.

ಕೇದಾರೇಶ್ವರ ದೇವಸ್ಥಾನ ಕೆರೆಯ ಪಕ್ಕದಲ್ಲಿದೆ. ಮೂರು ಗರ್ಭಗುಡಿ. ಎರಡರಲ್ಲಿ ಲಿಂಗ, ಒಂದರಲ್ಲಿ ವಿಷ್ಣು. ಆವರಣದಲ್ಲಿ ಹುಲ್ಲು ಕತ್ತರಿಸಿ ಚೊಕ್ಕಟವಾಗಿ ಇಟ್ಟಿದ್ದಾರೆ. ಒಳಗಿನ ಕಂಬಗಳನ್ನು ಮುಟ್ಟಿದರೆ ಇವತ್ತಿಗೂ ನುಣುಪು, ತಣ್ಣಗೆ. ಇಲ್ಲಿ ನಾನು ಜಾಸ್ತಿ ಹೊತ್ತು ಕೂತಿದ್ದು ಶಿಲ್ಪಕ್ಕಾಗಿ ಅಲ್ಲ. ದೊಡ್ಡಪ್ಪ ಹೇಳಿದ ಕೋಡಿಯ ಮಠದ ವಿಷಯಕ್ಕೆ.

ಕೆರೆಯ ಕೋಡಿಯ ಹತ್ತಿರ ಇದ್ದದ್ದರಿಂದ ಅದು ಕೋಡಿಯ ಮಠ. ಕಾಳಾಮುಖರೆಂಬ ಶೈವ ಪಂಥದ ಗುರುಗಳು ನಡೆಸುತ್ತಿದ್ದರು. ಕಲಚುರಿ ಬಿಜ್ಜಳನ ಕಾಲದ 1162ರ ಶಾಸನ ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಅಂತ ಪಟ್ಟಿ ಮಾಡುತ್ತದೆ. ನಾಲ್ಕು ವೇದಗಳ ಪಾಠ. ಕೌಮಾರ, ಪಾಣಿನೀಯ, ಶಾಕಟಾಯನ ಹೀಗೆ ಬೇರೆ ಬೇರೆ ವ್ಯಾಕರಣಗಳ ಪಾಠ. ಇಷ್ಟು ಇನ್ನೂ ಎಷ್ಟೋ ಮಠಗಳಲ್ಲಿ ಇದ್ದಿರಬಹುದು. ಮುಂದಿನದು ಕೇಳಿ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕತೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲೂದುವವರು, ಕುಣಿಯುವವರು, ಬೇರೆ ಬೇರೆ ಮತದ ಸನ್ಯಾಸಿಗಳು, ನಾನಾ ದೇಶದ ಭಿಕ್ಷುಕರು, ಇವರೆಲ್ಲರಿಗೂ ಅಲ್ಲಿ ಊಟ. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ. ಹೆದರಿ ಬಂದ ಎಲ್ಲ ಜೀವಿಗಳಿಗೂ ಆಶ್ರಯ.

ನಾನು ಆಸ್ಪತ್ರೆಯಲ್ಲಿ ನರ್ಸ್. ಜೊತೆಗೆ ಯಾರೂ ಇಲ್ಲದ ರೋಗಿ ಬಂದರೆ ಏನಾಗುತ್ತದೆ ಅಂತ ದಿನಾ ನೋಡುತ್ತೇನೆ. ಆಧಾರ್ ಕಾರ್ಡ್ ಎಲ್ಲಿ, ಸಹಿ ಹಾಕುವವರು ಯಾರು, ಡಿಸ್ಚಾರ್ಜ್ ಆದ ಮೇಲೆ ಎಲ್ಲಿಗೆ ಕಳಿಸುವುದು? ರಾತ್ರಿ ಡ್ಯೂಟಿಯಲ್ಲಿ ಈ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರ ಇರುವುದಿಲ್ಲ. 12ನೇ ಶತಮಾನದಲ್ಲಿ, ಈ ಕೆರೆ ಏರಿಯ ಪಕ್ಕದಲ್ಲಿ, ಯಾರೋ ಆ ರೋಗಿಯನ್ನು ನೆನಪಿಟ್ಟುಕೊಂಡು ಕಲ್ಲಿನಲ್ಲಿ ಹೆಸರಿಸಿದ್ದಾರೆ. ಕುರುಡರನ್ನು, ಕಿವುಡರನ್ನು ಬೇರೆ ಬೇರೆಯಾಗಿ ಹೇಳಿದ್ದಾರೆ. ಸುಮ್ನೆ ಬಡವರು ಅಂತ ಒಂದೇ ಮಾತಿನಲ್ಲಿ ಮುಗಿಸಿಲ್ಲ. ನಡೆಸಿದ್ದು ಎಷ್ಟೋ, ಬಿಟ್ಟಿದ್ದು ಎಷ್ಟೋ ನಮಗೆ ಗೊತ್ತಾಗುವುದಿಲ್ಲ. ಆದರೆ ಹೀಗೆ ನಡೆಸುತ್ತೇವೆ ಅಂತ ಬರೆದುಕೊಳ್ಳಬೇಕು ಅನ್ನಿಸಿತಲ್ಲ, ಅದೇ ದೊಡ್ಡದು. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಈ ಶಾಸನವನ್ನು ಹೇಳಿಕೊಡಬೇಕು ಅಂತ ನನ್ನ ಆಸೆ.

ತ್ರಿಪುರಾಂತಕ ದೇವಸ್ಥಾನಕ್ಕೆ ಹೋದಾಗ ಬಿಸಿಲು ಏರಿತ್ತು. 11ನೇ ಶತಮಾನದ ಕಟ್ಟಡ. ಹೊರಗೆ ಕೆಳಗಿನ ಪಟ್ಟಿಕೆಯಲ್ಲಿ ಪಂಚತಂತ್ರದ ಕತೆಗಳಿವೆ. ಮಗಳು ಮಂಡಿಯೂರಿ ಹುಡುಕುತ್ತಾ ಹೋದಳು. ಕಡ್ಡಿ ಕಚ್ಚಿಕೊಂಡು ಹಾರುವ ಆಮೆ ಸಿಕ್ಕಾಗ ಅವಳ ಕೂಗಿಗೆ ಪಾರಿವಾಳಗಳು ಹಾರಿಹೋದವು. ಒಳಗೆ ಬಾಗಿಲಿನ ಎರಡು ಕಡೆಯ ಜಾಲಂಧ್ರಗಳನ್ನು, ಅಂದರೆ ಕಲ್ಲಿನ ಜಾಲರಿಗಳನ್ನು, ತಪ್ಪಿಸಬೇಡಿ. ಬಳ್ಳಿಯ ಒಂದೊಂದು ಸುರುಳಿಯೊಳಗೂ ಕುಣಿಯುವವರಿದ್ದಾರೆ. ಬೆರಳುದ್ದದ ಜಾಗದಲ್ಲಿ ಸೊಂಟದ ತಿರುವು, ಕಾಲಿನ ಭಂಗಿ ಎಲ್ಲ ಬಂದಿದೆ. ಬೇಲೂರಿನಲ್ಲಿ ಕೆಲಸ ಮಾಡಿದ ದಾಸೋಜ, ಅವನ ಮಗ ಚಾವಣ ಬಳ್ಳಿಗಾವಿಯವರು. ತಮ್ಮ ಊರಿನ ಹೆಸರನ್ನು ಅಲ್ಲಿನ ಶಿಲ್ಪದ ಕೆಳಗೆ ಕೆತ್ತಿದ್ದಾರೆ. ಬೇಲೂರಿಗೆ ಬಸ್ಸುಗಟ್ಟಲೆ ಹೋಗುವ ನಾವು ಆ ಕೈಗಳು ಬೆಳೆದ ಊರಿಗೆ ಬರುವುದಿಲ್ಲ, ಅಲ್ವಾ?

ಕೆರೆ ದಂಡೆಯ ಮರದ ಕೆಳಗೆ ರೊಟ್ಟಿ ಗಂಟು ಬಿಚ್ಚಿದೆವು. ಊಟದ ಹೊತ್ತಿಗೆ ದೊಡ್ಡಪ್ಪ ಅಲ್ಲಮನ ಮಾತು ತೆಗೆದರು. ಅಲ್ಲಮಪ್ರಭು ಬಳ್ಳಿಗಾವಿಯವನು, ಮದ್ದಳೆ ನುಡಿಸುತ್ತಿದ್ದವನು. ಅಕ್ಕಮಹಾದೇವಿ ಇಲ್ಲೇ ಪಕ್ಕದ ಉಡುತಡಿಯವಳು. ಸತ್ಯಕ್ಕ ಹಿರೇಜಂಬೂರಿನವಳು. ಎಲ್ಲ ಇದೇ ತಾಲ್ಲೂಕು. ಅಕ್ಕ ಮತ್ತು ಅಲ್ಲಮ ಎದುರುಬದುರಾಗಿದ್ದು ಮಾತ್ರ ಅಷ್ಟು ದೂರದ ಕಲ್ಯಾಣದಲ್ಲಿ. ಅಲ್ಲಿ ಅವನು ಅವಳನ್ನು ಅಷ್ಟು ಕಠಿಣವಾಗಿ ಪ್ರಶ್ನೆ ಮಾಡುವಾಗ, ಇವಳು ನಮ್ಮ ಕಡೆಯ ಹುಡುಗಿ ಅಂತ ಒಳಗೊಳಗೇ ಅನ್ನಿಸಿರಲಿಕ್ಕಿಲ್ಲವೇ? ಇದು ನನ್ನ ಕಲ್ಪನೆ ಅಷ್ಟೇ. ಆದರೆ ಅಲ್ಲೇ ಕೂತು ಯೋಚಿಸಿದಾಗ ಬಿಡದೆ ಕಾಡಿತು.

ಮಧ್ಯಾಹ್ನದ ಮೇಲೆ ಬಂದಳಿಕೆ. ದಾರಿಯಲ್ಲಿ ಒಂದು ಸಣ್ಣ ಪಾಳುಗುಡಿ ಕಂಡು ಇಳಿದೆವು. ಗರ್ಭಗುಡಿಯ ನೆಲ ಅಗೆದು ಹಳ್ಳ ಮಾಡಿದ್ದರು. ನಿಧಿ ಆಸೆಯವರ ಕೆಲಸ. ಪೀಠ ಒಡೆದು ಎರಡು ಹೋಳಾಗಿತ್ತು. ದೊಡ್ಡಪ್ಪ ಮಾತೇ ಆಡಲಿಲ್ಲ. ಮಗಳು ಹೋಳುಗಳನ್ನು ಜೋಡಿಸಲು ನೋಡಿದಳು, ಅವಳ ಕೈಯಲ್ಲಿ ಅಲುಗಲಿಲ್ಲ. ಸಾವಿರ ವರ್ಷ ಮಳೆ ಗಾಳಿ ತಡೆದದ್ದು ಒಂದು ರಾತ್ರಿಯ ಹಾರೆಗೆ ಹೋಯಿತು. ಇಂಥವರನ್ನು ಕಂಡರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಹಾಗೆ ಅಗೆದದ್ದು ಕಂಡರೆ ಯಾರೇ ಆಗಲಿ ಪಂಚಾಯ್ತಿಗೋ ಪೊಲೀಸರಿಗೋ ಹೇಳಬೇಕು. ನಾವೂ ಹೇಳಿ ಬಂದೆವು.

ಬಂದಳಿಕೆಗೆ ಹೋಗಿ ಬಂದವರು ಕಡಿಮೆ. ಹೋದವರು ಮರೆಯುವುದಿಲ್ಲ. ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಗುಡಿ. ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ, ಸೋಮೇಶ್ವರ. ಸೋಮೇಶ್ವರ ಗುಡಿಯ ಬಾಗಿಲಿನ ಎರಡು ಪಕ್ಕದ ಎತ್ತರದ ಕಲ್ಲಿನ ಜಾಲರಿಗಳಲ್ಲಿ ರಾಮಾಯಣ, ಮಹಾಭಾರತ ಕೆತ್ತಿದ್ದಾರೆ. ಒಳಗೆ ನಿಂತು ನೋಡಿದರೆ ಸಂದುಗಳಿಂದ ಬೆಳಕು ಬಂದು ನೆಲದ ಮೇಲೆ ಬಿದ್ದಿರುತ್ತದೆ.

ಇಲ್ಲಿ ನನಗೆ ಬೇಕಾದವಳು ಜಕ್ಕಿಯಬ್ಬೆ. ನಾಗರಖಂಡ ಎಪ್ಪತ್ತು ಅಂದರೆ ಈ ಸುತ್ತಿನ ಎಪ್ಪತ್ತು ಹಳ್ಳಿ. ಅದರ ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಸ್ಥ, ಆಗಿದ್ದ ಗಂಡ ತೀರಿಹೋದಾಗ, ರಾಷ್ಟ್ರಕೂಟರ ಕಾಲದಲ್ಲಿ, 10ನೇ ಶತಮಾನದ ಆರಂಭದಲ್ಲಿ, ಆ ಅಧಿಕಾರವನ್ನು ಅವಳಿಗೇ ಕೊಟ್ಟರು. ಚೆನ್ನಾಗಿ ಆಳಿದಳು ಅಂತ ಶಾಸನ ಬಾಯ್ತುಂಬ ಹೊಗಳುತ್ತದೆ. ಕೊನೆಗೆ ಕಾಯಿಲೆ ಬಿದ್ದಾಗ ಮಗಳನ್ನು ಕರೆಸಿ ಎಲ್ಲವನ್ನೂ ಒಪ್ಪಿಸಿ, ಇದೇ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ (ಊಟ ಬಿಟ್ಟು ಸಾವನ್ನು ಎದುರುಗೊಳ್ಳುವ ಜೈನರ ವ್ರತ) ತೆಗೆದುಕೊಂಡು ಪ್ರಾಣ ಬಿಟ್ಟಳು. ವಿಧವೆಯ ಕೈಗೆ ಅಧಿಕಾರ, ಅವಳಿಂದ ಮಗಳ ಕೈಗೆ. ನನ್ನ ಮಗಳು ಬಸದಿಯ ಮೆಟ್ಟಿಲ ಮೇಲೆ ಕೂತು ಈ ಕತೆಯನ್ನು ಎರಡನೇ ಸಲ ಹೇಳಿಸಿಕೊಂಡಳು. "ಆ ಮಗಳ ಹೆಸರೇನು?" ಅಂತ ಕೇಳಿದಳು. ಅದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ದೊಡ್ಡಪ್ಪ ಜೇಬಿನ ಡೈರಿ ತೆಗೆದು ಬರೆದುಕೊಂಡರು.

ವಾಪಸ್ ಬರುವಾಗ ಶಿರಾಳಕೊಪ್ಪದಲ್ಲಿ ಮಂಡಕ್ಕಿ, ಮಿರ್ಚಿ, ಚಹಾ. ಉಡುತಡಿಗೆ ಹೋಗಲು ಹೊತ್ತಾಗಿತ್ತು.

ನೀವು ಬರುವುದಾದರೆ ಒಂದೆರಡು ಮಾತು. ಸ್ವಂತ ಗಾಡಿ ಇದ್ದರೆ ಒಳ್ಳೆಯದು. ಶಿರಾಳಕೊಪ್ಪದವರೆಗೆ ಬಸ್ಸಿಗೆ ಬಂದು ಆಟೋ ಮಾತಾಡಿಕೊಂಡರೂ ತಾಳಗುಂದ, ಬಳ್ಳಿಗಾವಿ ಆರಾಮಾಗಿ ಮುಗಿಯುತ್ತದೆ. ಬಂದಳಿಕೆಗೆ ನೀರು, ತಿಂಡಿ ಕಟ್ಟಿಕೊಂಡೇ ಹೋಗಿ. ಟಾರ್ಚ್ ಇರಲಿ, ಗರ್ಭಗುಡಿಗಳು ಕತ್ತಲು. ಅಕ್ಷರದ ಮೇಲೆ ಸೀಮೆಸುಣ್ಣ, ಅರಿಶಿನ ಬಳಿದು ಫೋಟೋ ತೆಗೆಯಬೇಡಿ, ಓರೆಯಾಗಿ ಟಾರ್ಚ್ ಹಿಡಿದರೆ ಸಾಕು. ಮಕ್ಕಳನ್ನು ಖಂಡಿತ ಕರೆದುಕೊಂಡು ಬನ್ನಿ. ಊರಿನ ಹಿರಿಯರೊಬ್ಬರನ್ನು ಮಾತಾಡಿಸಿ, ಯಾವ ಹೊಲದ ಬದುವಿನಲ್ಲಿ ಯಾವ ವೀರಗಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ.

ನಾವು ಇದೇ ತಾಲ್ಲೂಕಿನ ಮಳವಳ್ಳಿಯ ಕಂಬ ನೋಡಲಿಲ್ಲ. ಅಲ್ಲಿ ತಾಳಗುಂದದ ಕಂಬಕ್ಕಿಂತ ಹಳೆಯ ಪ್ರಾಕೃತ ಶಾಸನವಿದೆ. ಬೇಸಿಗೆ ರಜೆಗೆ ಅದು, ಉಡುತಡಿ, ಹಿರೇಜಂಬೂರು ಅಂತ ಮಗಳು ಆಗಲೇ ಪಟ್ಟಿ ಮಾಡಿದ್ದಾಳೆ. ಜೋಗದಿಂದ ಬಂದ ತಂಗಿಯ ಮಕ್ಕಳೂ ಬರುತ್ತಾರಂತೆ. ಓಮ್ನಿಯಲ್ಲಿ ಅಷ್ಟು ಜನ ಹಿಡಿಸುವುದಿಲ್ಲ, ಟೆಂಪೋದವನಿಗೆ ಈಗಲೇ ಹೇಳಿಡಿ ಅಂತ ದೊಡ್ಡಪ್ಪನಿಗೆ ಫೋನ್ ಮಾಡಿದ್ದೇನೆ.