ಗ್ಲೂಕೋಸ್ ಅಂಕಿ ಹುಟ್ಟುವ ಜಾಗ

ಮಧುಮೇಹದ ಸಂಶೋಧನೆ ಮಾಡುತ್ತೇನೆ ಅಂದರೆ ಕೇಳಿದವರ ಕಣ್ಣ ಮುಂದೆ ಸೂಕ್ಷ್ಮದರ್ಶಕ, ಜೀನು, ಹೊಸ ಔಷಧ ಬರುತ್ತವೆ. ಅವೆಲ್ಲ ಇವೆ, ನಿಜ. ಆದರೆ ನನ್ನ ವೃತ್ತಿಯ ದೊಡ್ಡ ಪಾಲನ್ನು ನುಂಗಿದ್ದು ಬೇರೆಯದೇ ಪ್ರಶ್ನೆ: ಈ ಅಂಕಿ ಎಲ್ಲಿಂದ ಬಂತು? ಯಾರು ತೆಗೆದ ರಕ್ತ, ಯಾವ ಹೊತ್ತಿಗೆ, ಎಷ್ಟು ಗಂಟೆ ಉಪವಾಸದ ಮೇಲೆ, ಯಾವ ಟ್ಯೂಬಿಗೆ?

ಇಲಿಗಳ ಗ್ಲೂಕೋಸ್ ಟಾಲರೆನ್ಸ್ ಪರೀಕ್ಷೆಯನ್ನೇ, ಅಂದರೆ ಕೊಟ್ಟ ಗ್ಲೂಕೋಸನ್ನು ದೇಹ ಎಷ್ಟು ಬೇಗ ನಿಭಾಯಿಸುತ್ತದೆ ಎಂದು ನೋಡುವುದನ್ನೇ ತೆಗೆದುಕೊಳ್ಳಿ. ಬರೆದಿಟ್ಟರೆ ನಾಲ್ಕು ಸಾಲು: ಉಪವಾಸ ಇಡು, ಗ್ಲೂಕೋಸ್ ಚುಚ್ಚು, ಎರಡು ಗಂಟೆಯವರೆಗೆ ಆಗಾಗ ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆ, ನಕ್ಷೆ ಬಿಡಿಸು. ತೊಡಕು ಮೊದಲ ಪದದಲ್ಲೇ ಇದೆ. ಇಲಿ ತಿನ್ನುವುದೇ ರಾತ್ರಿ. ಮನುಷ್ಯರಿಗೆ ಹೇಳುವಂತೆ ಅದನ್ನೂ ರಾತ್ರಿಯಿಡೀ ಉಪವಾಸ ಕೆಡವಿದರೆ ಲಿವರ್‌ನ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ, ಬಹುತೇಕ ಖಾಲಿಯಾಗುತ್ತದೆ, ಮೈತೂಕ ಎದ್ದು ಕಾಣುವಷ್ಟು ಇಳಿಯುತ್ತದೆ. ಆಮೇಲೆ ಸಿಗುವ ನಕ್ಷೆಯಲ್ಲಿ ಮಧುಮೇಹ ಎಷ್ಟು, ಹಸಿವು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಅದಕ್ಕೇ ನಾವು ಬೆಳಿಗ್ಗೆ ಆಹಾರ ತೆಗೆದು, ಐದಾರು ಗಂಟೆ ಬಿಟ್ಟು ಪರೀಕ್ಷೆ ಮಾಡುತ್ತೇವೆ.

ಇನ್ನು ಹಿಡಿಯುವ ಕೈ. ಪರಿಚಯವಿಲ್ಲದ ಕೈ ಹಿಡಿದರೆ ಇಲಿ ಬೆದರುತ್ತದೆ, ಅಡ್ರಿನಲಿನ್ ಏರುತ್ತದೆ, ಲಿವರ್ ಸಕ್ಕರೆ ಬಿಡುತ್ತದೆ. ಔಷಧ ಕೊಡುವ ಮೊದಲೇ ಗ್ಲೂಕೋಸ್ ಮೇಲಿರುತ್ತದೆ! ಹಾಗಾಗಿ ಪ್ರಯೋಗಕ್ಕೆ ಮುಂಚಿನ ದಿನಗಳಲ್ಲಿ ಇಲಿಗಳನ್ನು ಸುಮ್ಮನೆ ಎತ್ತಿ ಹಿಡಿದು ಇಳಿಸುವುದೂ ಒಂದು ಕೆಲಸ. ಹೊಸದಾಗಿ ಪಿಎಚ್‌ಡಿಗೆ ಸೇರಿದವರಿಗೆ ಇದು ಕಾಲಹರಣದಂತೆ ಕಾಣುತ್ತದೆ. ‘ಇದನ್ನೂ ಥೀಸಿಸ್‌ನಲ್ಲಿ ಬರೀಬೇಕಾ ಸರ್?’ ಎಂದು ಒಬ್ಬಳು ಕೇಳಿದಳು. ಬರೀಬೇಕಮ್ಮ, ಅದನ್ನೇ ಮೊದಲು ಬರೀಬೇಕು.

ಗ್ಲೂಕೋಸನ್ನು ಚುಚ್ಚುವುದೋ, ಬಾಯಿಗೆ ಕೊಡುವುದೋ ಎಂಬುದೂ ಸಣ್ಣ ಆಯ್ಕೆಯಲ್ಲ. ಬಾಯಿಯಿಂದ ಹೋದ ಗ್ಲೂಕೋಸ್ ಕರುಳಿನಲ್ಲಿ ಜಿಎಲ್‌ಪಿ-1, ಜಿಐಪಿ ಹಾರ್ಮೋನುಗಳನ್ನು ಎಬ್ಬಿಸುತ್ತದೆ. ಅವು ಇನ್ಸುಲಿನ್ ಹೆಚ್ಚಿಸುತ್ತವೆ. ನೇರ ಚುಚ್ಚಿದರೆ ಆ ದಾರಿಯೇ ತಪ್ಪಿಹೋಗುತ್ತದೆ. ಕರುಳಿನ ಹಾರ್ಮೋನಿನ ಬಗ್ಗೆ ಪ್ರಶ್ನೆ ಇಟ್ಟುಕೊಂಡು ಬರೀ ಚುಚ್ಚುಮದ್ದಿನ ಪರೀಕ್ಷೆ ತೋರಿಸುವ ಪ್ರಬಂಧಗಳು ವಿಮರ್ಶೆಗೆ ಬಂದಾಗ ನನಗೆ ಕೈ ತುರಿಸುತ್ತದೆ.

ತಳಿಯ ವಿಷಯ ಇದಕ್ಕಿಂತ ಗೋಜಲು. ನಮ್ಮ ಕ್ಷೇತ್ರದ ಅಚ್ಚುಮೆಚ್ಚಿನ ‘ಬ್ಲ್ಯಾಕ್ ಸಿಕ್ಸ್’ ಇಲಿಯಲ್ಲಿ ಜೆ ಮತ್ತು ಎನ್ ಎಂಬ ಉಪತಳಿಗಳಿವೆ. ಜೆ ಇಲಿಯಲ್ಲಿ ಎನ್‌ಎನ್‌ಟಿ ಎಂಬ ಮೈಟೋಕಾಂಡ್ರಿಯಾ ಕಿಣ್ವದ ಜೀನು ಮುರಿದಿದೆ. ಗ್ಲೂಕೋಸಿಗೆ ಅದರ ಇನ್ಸುಲಿನ್ ಪ್ರತಿಕ್ರಿಯೆಯೂ ಸಪ್ಪೆ. ನೀವು ಜೀನು ತೆಗೆದ ಇಲಿ ಎನ್ ಆಗಿದ್ದು, ಹೋಲಿಕೆಗೆ ಇಟ್ಟದ್ದು ಜೆ ಆಗಿದ್ದರೆ, ಸಿಕ್ಕ ವ್ಯತ್ಯಾಸ ನಿಮ್ಮ ಜೀನಿನದೇ ಎನ್ನಲು ಆಧಾರವೇ ಉಳಿಯುವುದಿಲ್ಲ. ಕೋಣೆಯ ಉಷ್ಣತೆಯೂ ಹೀಗೇ. ನಮಗೆ ಹಿತವಾದ 22 ಡಿಗ್ರಿ ಇಲಿಗೆ ಚಳಿ; ಅದಕ್ಕೆ ಹಿತ 30ರ ಆಸುಪಾಸು. ಮೈ ಬೆಚ್ಚಗಿಡಲು ಅದು ಸದಾ ಹೆಚ್ಚುವರಿ ಶಕ್ತಿ ಸುಡುತ್ತಿರುತ್ತದೆ. ಬೊಜ್ಜು ಕರಗಿಸುವ ಔಷಧವನ್ನು ಇಂಥ ಪ್ರಾಣಿಯಲ್ಲಿ ಪರೀಕ್ಷಿಸಿ ಮನುಷ್ಯರಿಗೆ ಲೆಕ್ಕ ಹಾಕುವಾಗ ಎರಡು ಸಲ ಯೋಚಿಸಬೇಕು.

ಮನುಷ್ಯರ ಮಾದರಿಗಳಿಗೆ ಬಂದರೆ ಟ್ಯೂಬಿನ ಕಥೆ. ಹೊರತೆಗೆದ ಮೇಲೂ ರಕ್ತಕಣಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ, ಸಾಮಾನ್ಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು 5ರಿಂದ 7 ಶೇಕಡಾ. ಉಪವಾಸದ ಗ್ಲೂಕೋಸ್ ಡೆಸಿಲೀಟರಿಗೆ 126 ಮಿಲಿಗ್ರಾಂ ಮುಟ್ಟಿದರೆ ಮಧುಮೇಹ ಎನ್ನುತ್ತೇವೆ. ಅದೇ 126 ಒಂದು ಗಂಟೆ ಬೆಂಚಿನ ಮೇಲೆ ಕೂತರೆ 118ರ ಹತ್ತಿರ ಬಂದಿರುತ್ತದೆ. ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್ ಇದನ್ನು ತಡೆಯುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಫ್ಲೋರೈಡ್ ತಡೆಯುವುದು ಎನೊಲೇಸ್ ಎಂಬ ಕಿಣ್ವವನ್ನು, ಅದಿರುವುದು ಗ್ಲೂಕೋಸ್ ಒಡೆಯುವ ಸರಣಿಯ ಕೊನೆಯ ಹಂತಗಳಲ್ಲಿ. ಅದಕ್ಕೂ ಮೊದಲಿನ ಹಂತಗಳು ನಿಲ್ಲುವುದರೊಳಗೆ ಒಂದೆರಡು ಗಂಟೆ ಕಳೆದಿರುತ್ತದೆ. ಮಾದರಿಯನ್ನು ಐಸ್‌ನಲ್ಲಿಟ್ಟು ಬೇಗ ಪ್ಲಾಸ್ಮಾ (ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ದ್ರವ) ಬೇರ್ಪಡಿಸುವುದೇ ವಾಸಿ.

ಇನ್ಸುಲಿನ್‌ನ ಇತಿಹಾಸದಲ್ಲಿ ಎಲ್ಲರಿಗೂ ಅದನ್ನು ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಬೆಸ್ಟ್ ನೆನಪು. ನನಗೆ ಇಷ್ಟವಾಗುವವನು ಅವರ ಜೊತೆಗಿದ್ದ ಜೀವರಸಾಯನ ವಿಜ್ಞಾನಿ ಜೇಮ್ಸ್ ಕಾಲಿಪ್. 1922ರ ಜನವರಿ 11ರಂದು ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೇದೋಜೀರಕ ಗ್ರಂಥಿಯ ಸಾರದ ಮೊದಲ ಚುಚ್ಚುಮದ್ದಿನಿಂದ ಹೆಚ್ಚೇನೂ ಪ್ರಯೋಜನವಾಗಲಿಲ್ಲ, ಚುಚ್ಚಿದ ಜಾಗದಲ್ಲಿ ಕೀವುಗಟ್ಟಿತು. ಕಾಲಿಪ್ ಆ ಸಾರವನ್ನು ಆಲ್ಕೋಹಾಲ್‌ನಲ್ಲಿ ಶುದ್ಧಿ ಮಾಡುತ್ತ ಕೂತ. 23ರಂದು ಕೊಟ್ಟ ಸಾರ ಕೆಲಸ ಮಾಡಿತು. ಹಾರ್ಮೋನು ಅದೇ, ಹುಡುಗ ಅವನೇ; ಬದಲಾದದ್ದು ಶುದ್ಧಿ ಮಾಡಿದ ರೀತಿ. ಮರುವರ್ಷದ ನೊಬೆಲ್ ಬ್ಯಾಂಟಿಂಗ್ ಮತ್ತು ಆ ಪ್ರಯೋಗಾಲಯದ ಮುಖ್ಯಸ್ಥ ಮ್ಯಾಕ್ಲಿಯಾಡ್ ಹೆಸರಿಗೆ ಬಂತು. ಮ್ಯಾಕ್ಲಿಯಾಡ್ ತನ್ನ ಬಹುಮಾನದ ಹಣದಲ್ಲಿ ಕಾಲಿಪ್‌ಗೆ ಪಾಲು ಕೊಟ್ಟ.

ಈಗ ನನ್ನ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಬೆರಗು ಹುಟ್ಟಿಸುವ ಫಲಿತಾಂಶ ಬಂದ ವಾರ ‘ಇದರ ಹಿಂದಿನ ಮೆಕ್ಯಾನಿಸಂ ಏನು’ ಎಂಬ ಚರ್ಚೆ ಇಲ್ಲ. ಪ್ರಾಣಿ ಕೋಣೆಯ ದಾಖಲೆ ಪುಸ್ತಕ ಮೇಜಿಗೆ ಬರುತ್ತದೆ, ಅದನ್ನು ಬರೆದವರೂ ಬಂದು ಕೂರುತ್ತಾರೆ. ಹಾಸು ಯಾವಾಗ ಬದಲಾಯಿತು, ಹೊಸ ಚೀಲದ ಆಹಾರ ಯಾವತ್ತು ಶುರುವಾಯಿತು, ಆ ದಿನ ಇಲಿ ಹಿಡಿದವರು ಯಾರು. ವಿದ್ಯಾರ್ಥಿಗಳು ಆಕಳಿಸುತ್ತಾರೆ, ಸಭೆ ಲಂಬಿಸುತ್ತದೆ. ಕೆಲವು ಫಲಿತಾಂಶ ಅಲ್ಲೇ ಮುಗಿಯುತ್ತವೆ. ಉಳಿದದ್ದನ್ನು ಮತ್ತೊಬ್ಬರ ಕೈಯಲ್ಲಿ ಇನ್ನೊಮ್ಮೆ ಮಾಡಿಸಿ, ಆಮೇಲೆ ಮೆಕ್ಯಾನಿಸಂ ಮಾತಾಡುತ್ತೇವೆ.