ನೋವಾದ ಮೇಲೆ ಟ್ಯಾಪ್ ಮಾಡಿದರೆ ತಡವಾಯ್ತು

ಬೆಂಗಳೂರಿನ ಒಂದು ಜಿಮ್ಮಿನಲ್ಲಿ ಸಂಜೆ ಬ್ಯಾಚಿಗೆ ಎಂಎಂಎ, ಅಂದರೆ ಗುದ್ದು, ಒದೆತ, ಕುಸ್ತಿ ಎಲ್ಲಾ ಸೇರಿದ ಕಾಳಗ, ಹೇಳಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಐಟಿಯವರೇ ಜಾಸ್ತಿ. ಕಾಲೇಜು ಹುಡುಗರು ಒಂದಷ್ಟು. ಆಗಾಗ ಗರಡಿ ಮನೆಯಲ್ಲಿ ಪಳಗಿದ ಪೈಲ್ವಾನರೂ ಬರುತ್ತಾರೆ. ಮೊದಲ ದಿನ ಎಲ್ಲರಿಗೂ ಕಲಿಸುವುದು ಟ್ಯಾಪ್ ಮಾಡೋದನ್ನ, ಅಂದರೆ ತಟ್ಟಿ ಸೋಲೊಪ್ಪಿಕೊಳ್ಳೋದನ್ನ. ಕೈಕಾಲನ್ನೋ ಕತ್ತನ್ನೋ ಸಿಕ್ಕಿಸಿ ಹಿಡಿಯುವ ಲಾಕ್ ಬಿತ್ತು ಅಂದರೆ ಎದುರಿನವನ ಮೈ ಮೇಲೆ ಎರಡು ಮೂರು ಸಲ ಗಟ್ಟಿಯಾಗಿ ತಟ್ಟಬೇಕು. ಅವನು ತಕ್ಷಣ ಬಿಡಬೇಕು. ಅಷ್ಟೇ.

"ನೋವಾದಾಗ ತಟ್ಟಿದರಾಯ್ತು ಅಲ್ವಾ ಸರ್?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಇಲ್ಲಪ್ಪ, ನೋವನ್ನ ನಂಬೋಕಾಗಲ್ಲ.

ಕತ್ತಿನ ಪಟ್ಟನ್ನೇ ತಗೊಳ್ಳಿ. ಹಿಂದಿನಿಂದ ತೋಳು ಸುತ್ತಿ ಹಾಕುವ ರಿಯರ್ ನೇಕೆಡ್ ಚೋಕ್ ಸರಿಯಾಗಿ ಬಿದ್ದರೆ ಹೇಳಿಕೊಳ್ಳುವಂಥ ನೋವೇ ಇರಲ್ಲ. ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತಿಹೋಗಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. "ಇನ್ನೂ ಸ್ವಲ್ಪ ತಡೀಬಹುದು" ಅಂದುಕೊಳ್ಳುತ್ತಿರುವಾಗಲೇ ಆಸಾಮಿ ಗೊರಕೆ ಹೊಡೆಯುತ್ತಿರುತ್ತಾನೆ. ಎದ್ದ ಮೇಲೆ "ಏನಾಯ್ತು?" ಅಂತ ನಮ್ಮನ್ನೇ ಕೇಳುತ್ತಾನೆ. ಹಾಗಾದವರಿಗೆ ಆ ದಿನ ಮತ್ತೆ ಸ್ಪಾರಿಂಗ್ (ಅಭ್ಯಾಸದ ಕಾಳಗ) ಇಲ್ಲ. ಆಮೇಲೆ ಕತ್ತು ನೋವು ಬಿಡದೆ ಕಾಡಿದರೆ, ಮಾತು ತೊದಲಿದರೆ, ಒಂದು ಕಡೆ ಕೈಕಾಲು ಜೋಮು ಹಿಡಿದರೆ ಸೀದಾ ಆಸ್ಪತ್ರೆಗೆ ಹೋಗಬೇಕು. ಅಪರೂಪಕ್ಕೆ ಕತ್ತಿನ ರಕ್ತನಾಳ ಸೀಳಿ ಪಾರ್ಶ್ವವಾಯು ಆಗಿದ್ದೂ ಉಂಟು.

ಪೈಲ್ವಾನರಿಗೆ ಇಲ್ಲಿ ಇನ್ನೊಂದು ತೊಡಕು. ಕುಸ್ತಿಯಲ್ಲಿ ಚಿತ್ ಆದರೆ ಸೋಲು. ಹಾಗಾಗಿ ಕೆಳಗೆ ಬಿದ್ದ ಕೂಡಲೇ ಬೋರಲಾಗಿ ನೆಲ ಕಚ್ಚುವುದು ಅವರಿಗೆ ರಕ್ತದಲ್ಲೇ ಬಂದಿರುತ್ತದೆ. ಬೋರಲಾದರೆ ಬೆನ್ನು ಕೊಟ್ಟ ಹಾಗೆ, ಬೆನ್ನು ಕೊಟ್ಟರೆ ಕತ್ತಿಗೆ ತೋಳು ಬಂತು. ಮೇಲಾಗಿ ಸೋಲು ಗೆಲುವನ್ನ ಬೇರೆಯವರು ನೋಡಿ ಹೇಳೋದೇ ಅವರಿಗೆ ಅಭ್ಯಾಸ. ತಾವೇ ತಟ್ಟಿ ಸಾಕು ಅನ್ನೋದಕ್ಕೆ ಕೈ ಏಳಲ್ಲ.

ನನಗೆ ನಿಜವಾಗಿ ಭಯ ಆಗೋದು ಹೀಲ್ ಹುಕ್ ಅನ್ನೋ ಕಾಲಿನ ಪಟ್ಟು ಕಂಡರೆ. ಹಾಕುವವನು ತನ್ನ ಎರಡೂ ಕಾಲಿನಲ್ಲಿ ನಿಮ್ಮ ತೊಡೆ ಕಟ್ಟಿಹಾಕುತ್ತಾನೆ. ಹಿಮ್ಮಡಿಯನ್ನ ಮೊಣಕೈ ಸಂದಿಯಲ್ಲಿ ಸಿಕ್ಕಿಸಿಕೊಂಡು ಇಡೀ ಮೈ ತಿರುಗಿಸುತ್ತಾನೆ. ಹಿಡಿದಿರೋದು ಪಾದ, ಆದರೆ ಹೊಡೆತ ಬೀಳೋದು ಮಂಡಿಗೆ. ತೊಡೆ ಅಲುಗಲ್ಲ, ಕೆಳಗಿನ ಕಾಲು ತಿರುಗುತ್ತದೆ, ನಡುವೆ ಲಿಗಮೆಂಟು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿಹೋಗುತ್ತದೆ. ನೋವು ಗೊತ್ತಾಗುವ ಹೊತ್ತಿಗೆ ಮಂಡಿಯೊಳಗಿನ ಎಸಿಎಲ್ ಅನ್ನೋ ಲಿಗಮೆಂಟು ಹರಿದಿರಬಹುದು. ಆಪರೇಷನ್ ಆದರೆ ಮತ್ತೆ ಆಟಕ್ಕೆ ಇಳಿಯೋಕೆ ಒಂಬತ್ತು ತಿಂಗಳೋ ವರ್ಷವೋ.

ದೊಡ್ಡವರ ಕಥೆಯೂ ಇದೇ. 2004ರ ಜೂನ್, ಎಂಎಂಎ ಪಂದ್ಯ ನಡೆಸುವ ಅಮೆರಿಕದ ಕಂಪನಿ ಯುಎಫ್‌ಸಿಯ 48ನೇ ಕೂಟ. ಫ್ರಾಂಕ್ ಮಿರ್ ಹಾಕಿದ ಆರ್ಮ್‌ಬಾರಿಗೆ (ಮೊಣಕೈಯನ್ನ ಹಿಂದಕ್ಕೆ ಬಗ್ಗಿಸುವ ಪಟ್ಟು) ಟಿಮ್ ಸಿಲ್ವಿಯಾ ಮುಂಗೈ ಮೂಳೆ ಮುರಿಯಿತು. ರೆಫರಿ ಹರ್ಬ್ ಡೀನ್ ಪಂದ್ಯ ನಿಲ್ಲಿಸಿದರೆ, "ನನಗೇನೂ ಆಗಿಲ್ಲ" ಅಂತ ಸಿಲ್ವಿಯಾ ಅವರದ್ದೇ ತಕರಾರು! ಜನವೂ ಕೂಗಾಡಿದರು. ಮೂಳೆ ಬಾಗಿದ್ದು ರೀಪ್ಲೇಯಲ್ಲಿ ಕಂಡ ಮೇಲೇ ಎಲ್ಲರೂ ಸುಮ್ಮನಾದದ್ದು. ಅದೇ ಮಿರ್ 2011ರಲ್ಲಿ ಇನ್ನೊಬ್ಬ ಫೈಟರ್ ನೊಗೇರಾ ಅವರ ತೋಳು ಮುರಿದದ್ದು ಕೈಯನ್ನ ಬೆನ್ನ ಹಿಂದಕ್ಕೆ ತಿರುಚುವ ಕಿಮುರಾ ಪಟ್ಟಿನಲ್ಲಿ. ಆ ಹೆಸರು ಬಂದದ್ದೂ ಮುರಿದ ಕೈಯಿಂದಲೇ. 1951ರಲ್ಲಿ ರಿಯೊದ ಮರಕಾನಾ ಸ್ಟೇಡಿಯಮ್ಮಿನಲ್ಲಿ ಜಪಾನಿನ ಕಿಮುರಾ ಅವರ ಪಟ್ಟಿಗೆ ಸಿಕ್ಕ ಹೆಲಿಯೊ ಗ್ರೇಸಿ ತಟ್ಟಲೇ ಇಲ್ಲ. ಕೊನೆಗೆ ಅಣ್ಣ ಕಾರ್ಲೋಸ್ ಪಂದ್ಯ ನಿಲ್ಲಿಸಬೇಕಾಯ್ತು. ಇದನ್ನ ವೀರಗಾಥೆ ಥರ ಹೇಳುವವರಿದ್ದಾರೆ. ಇರಲಿ. ನಮ್ಮ ಹುಡುಗರು ಮಾರನೇ ದಿನ ಲ್ಯಾಪ್‌ಟಾಪ್ ಮುಂದೆ ಕೂರಬೇಕು.

ಹಾಗಾಗಿ ನಮ್ಮಲ್ಲಿ ಲೆಕ್ಕ ಹಿಡಿತದ್ದು. ಕಾಲಿನ ಪಟ್ಟಿನಲ್ಲಿ ಹಿಡಿತ ಕೂತು, ಬಿಡಿಸಿಕೊಳ್ಳೋಕೆ ದಾರಿ ಇಲ್ಲ ಅಂತ ಗೊತ್ತಾದ ಕ್ಷಣವೇ ಟ್ಯಾಪ್. ತಿರುಗಿಸೋವರೆಗೆ ಕಾಯೋ ಹಾಗಿಲ್ಲ. ನೆಲಕ್ಕೆ ತಟ್ಟಬೇಡಿ, ಸ್ಪೀಕರ್ ಹಾಡಿನಲ್ಲಿ ಕೇಳಿಸಲ್ಲ. ಎರಡೂ ಕೈ ಸಿಕ್ಕಿಹಾಕಿಕೊಂಡಿದ್ದರೆ ಕಾಲಲ್ಲಿ ತಟ್ಟಿ, ಇಲ್ಲ ಕೂಗಿ. ಮೌತ್‌ಗಾರ್ಡ್ ಇದ್ದಾಗ "ಟ್ಯಾಪ್" ಅನ್ನೋದು ಬರೀ "ಆ" ಅಂತ ಕೇಳಿಸುತ್ತದೆ. "ಆ" ಅಂದರೂ ಬಿಡಬೇಕು.

ಹಾಕುವವನಿಗೇ ನಾನು ಹೆಚ್ಚು ಬೈಯೋದು. ಹಿಡಿತ ಸಿಕ್ಕ ಮೇಲೆ ಜರ್ಕ್ ಹೊಡೆಯೋದು ಜಾಣತನ ಅಲ್ಲ. ಬೆರಳು ತಟ್ಟಿದ್ದು ಮೈಗೆ ತಾಗಿದ ಕೂಡಲೇ ಕೈ ಸಡಿಲ ಆಗಬೇಕು, ನನ್ನ ಮುಖ ನೋಡೋ ಅಗತ್ಯ ಇಲ್ಲ. 2013ರಲ್ಲಿ ಬ್ರೆಜಿಲಿನ ಪಾಲ್ಯಾರಿಸ್, ಎದುರಾಳಿ ತಟ್ಟಿದ ಮೇಲೂ ಹೀಲ್ ಹುಕ್ ಬಿಡದೆ ಹಿಡಿದಿದ್ದಕ್ಕೆ ಯುಎಫ್‌ಸಿ ಅವರನ್ನ ಹೊರಗೆ ಹಾಕಿತು. ಗೆದ್ದ ಪಂದ್ಯದಲ್ಲೇ ಕೆಲಸ ಹೋಯ್ತು.

ಮಕ್ಕಳನ್ನೋ ತಮ್ಮನನ್ನೋ ಜಿಮ್ಮಿಗೆ ಸೇರಿಸೋ ಮುಂಚೆ ಕೋಚನ್ನ ಒಂದು ಮಾತು ಕೇಳಿ: "ಹೀಲ್ ಹುಕ್ ಯಾರಿಗೆ ಕಲಿಸ್ತೀರಿ?" ಬ್ರೆಜಿಲಿಯನ್ ಜಿಯು-ಜಿತ್ಸು ಪಂದ್ಯ ನಡೆಸುವ ಸಂಸ್ಥೆ ಐಬಿಜೆಜೆಎಫ್ 2021ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಾಗಲೂ ನೋ-ಗಿ (ಜೂಡೋ ಥರದ ದಪ್ಪ ಅಂಗಿ ಇಲ್ಲದೆ) ಆಡುವ ವಯಸ್ಕ ಬ್ರೌನ್ ಮತ್ತು ಬ್ಲ್ಯಾಕ್ ಬೆಲ್ಟಿನವರಿಗೆ ಮಾತ್ರ ಕೊಟ್ಟಿತು. "ನಮ್ಮಲ್ಲಿ ಮೊದಲ ವಾರದಿಂದಲೇ" ಅಂತ ಉತ್ತರ ಬಂದರೆ ಫೀಸ್ ಕಟ್ಟಬೇಡಿ.