ಮಲ್ಲಿಗೆ ಗೆಲ್ಲಿಗೆ ಕೈ ಹೋಗ್ಬೇಕು

"ಮೇಡಂ, ಇವತ್ತು ಕರೆಂಟ್ ಕೊಡ್ಲಿಕ್ಕಿಲ್ವಾ?"

ಉಡುಪಿಯಲ್ಲಿ ಫಿಸಿಯೋಥೆರಪಿ ಶುರು ಮಾಡಿ ಹದಿನೆಂಟು ವರ್ಷ ಆಯ್ತು. ಈ ಪ್ರಶ್ನೆ ಇಲ್ಲದ ದಿನ ಕಡಿಮೆ. ಅದನ್ನು ಕಲಿಸಿದವರು ನಾವೇ. ಮೊದಲೆಲ್ಲ ಭುಜ ನೋವು ಅಂತ ಬಂದರೆ ಶಾಖ, ಆಮೇಲೆ ಕರೆಂಟ್ (ಯಂತ್ರದಿಂದ ನೋವಿನ ಜಾಗಕ್ಕೆ ಕೊಡುವ ಸಣ್ಣ ವಿದ್ಯುತ್), ಕೊನೆಗೆ ಐದು ನಿಮಿಷ ವ್ಯಾಯಾಮ. ಈಗ ನನ್ನಲ್ಲಿ ವ್ಯಾಯಾಮವೇ ಮೊದಲು. ಕರೆಂಟಿನಿಂದ ಸ್ವಲ್ಪ ಹೊತ್ತು ನೋವು ತಗ್ಗಬಹುದು, ಆದರೆ ಬಿಗಿದ ಕೀಲು ಬಿಡುವುದಿಲ್ಲ.

ಕಳೆದ ವರ್ಷ ಶಂಕರಪುರದ ಕಡೆಯಿಂದ ಒಬ್ಬ ಅಕ್ಕ ಬಂದಿದ್ದರು. ಮನೆಯಲ್ಲಿ ಮಲ್ಲಿಗೆ ಕೃಷಿ. ವಯಸ್ಸು 52, ಶುಗರ್ ಬೇರೆ ಉಂಟು. ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಫ್ರೋಜನ್ ಶೋಲ್ಡರ್. ಕೀಲಿನ ಸುತ್ತ ಇರುವ ಚೀಲದಂಥ ಪೊರೆ ದಪ್ಪವಾಗಿ ಬಿಗಿದುಕೊಳ್ಳುತ್ತದೆ. 40ರಿಂದ 60 ವಯಸ್ಸಿನಲ್ಲಿ ಜಾಸ್ತಿ, ಶುಗರ್ ಇದ್ದವರಿಗೆ ಇನ್ನೂ ಜಾಸ್ತಿ. ಬಿಡಲು ಒಂದರಿಂದ ಮೂರು ವರ್ಷ ಹಿಡಿಯುವುದೂ ಉಂಟು. ನೋವು ಜೋರಿರುವಾಗ ಬಲವಂತ ಮಾಡಿ ಎಳೆಯಬಾರದು. ಹಿಂದೆ ನಾನೂ ಎಳೆದಿದ್ದೇನೆ, ಕಣ್ಣೀರು ಹಾಕಿಸಿದ್ದೇನೆ. ನೆನೆದರೆ ಈಗಲೂ ಬೇಸರ ಆಗುತ್ತದೆ.

ಅಕ್ಕನಿಗೆ ವ್ಯಾಯಾಮದ ಚಿತ್ರ ಇರುವ ಹಾಳೆ ಕೊಟ್ಟೆ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೂರು ವಾರ ಕಳೆದರೂ ಕೈ ಇದ್ದಲ್ಲೇ ಇತ್ತು. "ಮಾಡ್ಲಿಕ್ಕೆ ಪುರುಸೊತ್ತಿಲ್ಲ" ಅಂದರು. ಉದಾಸೀನ ಅಂದುಕೊಂಡೆ. ತಪ್ಪು ನನ್ನದು.

ಒಂದು ಭಾನುವಾರ ಅವರ ಮನೆಗೆ ಹೋದೆ. ಬೆಳಿಗ್ಗೆ ಆರಕ್ಕೇ ಗಿಡದ ಹತ್ತಿರ ಇದ್ದರು. ಎಡಗೈಯಲ್ಲಿ ಮೊಗ್ಗು ಕೊಯ್ಯುತ್ತಿದ್ದರು, ಮೇಲಿನ ಗೆಲ್ಲಿನದ್ದೆಲ್ಲ, ಅಂದರೆ ಕೊಂಬೆಯದ್ದೆಲ್ಲ, ಸೊಸೆಗೆ. ಆಮೇಲೆ ನೆಲದಲ್ಲಿ ಕೂತು ತಲೆ ಬಗ್ಗಿಸಿ ಬಾಳೆನಾರಿನಲ್ಲಿ ಕಟ್ಟುವುದು. ಒಂದು ಚೆಂಡಿಗೆ 800 ಹೂ! ಹೊತ್ತಿಗೆ ಸರಿಯಾಗಿ ಹೂ ಹೋಗಬೇಕು. ಇದರ ನಡುವೆ ನನ್ನ ಹಾಳೆಗೆ ಜಾಗ ಎಲ್ಲಿ?

"ನೋವು ಹತ್ತಕ್ಕೆ ಎಷ್ಟು" ಅಂತ ಕ್ಲಿನಿಕ್ಕಿನಲ್ಲಿ ಪ್ರತಿ ಸಲ ಕೇಳಿದ್ದೆ. ಅಂದು ಬೇರೆ ಕೇಳಿದೆ. "ನಿಮಗೆ ಏನು ಮಾಡ್ಲಿಕ್ಕೆ ಆಗ್ಬೇಕು ಅಕ್ಕ?"

"ಆ ಮೇಲಿನ ಗೆಲ್ಲಿಗೆ ಕೈ ಹೋಗ್ಬೇಕು. ಮತ್ತೆ ನನ್ನ ಹೂ ನಾನೇ ಮುಡೀಬೇಕು."

ಹಾಳೆ ಬಿಟ್ಟೆವು. ಬಾವಿಯ ಹಳೇ ರಾಟೆಯನ್ನು ಅವರ ಗಂಡ ಚಾವಡಿಯ ಜಂತಿಗೆ ಕಟ್ಟಿದರು. ಹಗ್ಗದ ಒಂದು ತುದಿ ಎಡಗೈಗೆ, ಇನ್ನೊಂದು ಬಲಗೈಗೆ. ಎಡಗೈ ಕೆಳಗೆ ಎಳೆದಂತೆ ಬಲಗೈ ಮೆಲ್ಲ ಮೇಲೆ. ಗಂಜಿ ಬೇಯುವಷ್ಟು ಹೊತ್ತು ಸಾಕು. ಅಡುಗೆಮನೆ ಗೋಡೆಯಲ್ಲಿ ಬೆರಳು ಹತ್ತಿಸುವುದು, ಮುಟ್ಟಿದಲ್ಲಿಗೆ ಭಾನುವಾರ ಸೀಮೆಸುಣ್ಣದ ಗೆರೆ. ಹೂ ಕಟ್ಟುವಾಗ ಪ್ರತಿ ಚೆಂಡಿಗೊಮ್ಮೆ ಎದ್ದು ಕತ್ತು ತಿರುಗಿಸುವುದು.

2021ರಲ್ಲಿ ನಮ್ಮಂಥ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. 2025ರ ಹೊಸ ಪಠ್ಯದಲ್ಲಿ ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ಐದು ವರ್ಷ, ಅದರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ನಮಗೆ ಆರೇ ತಿಂಗಳು ಇತ್ತು. ತುಂಬ ಖುಷಿಯ ವಿಷಯ. ಆದರೆ ಆ ವರ್ಷ ಪೂರ್ತಿ ಆಸ್ಪತ್ರೆಯೊಳಗೇ ಕಳೆಯಬಾರದು. ಮಕ್ಕಳು ಮಲ್ಪೆಯ ಮೀನುಗಾರರ ಮನೆಗೆ, ಬೀಡಿ ಕಟ್ಟುವವರ ಜಗಲಿಗೆ ಹೋಗಲಿ. ಯಾರು ಯಾವ ಎತ್ತರದ ಕಟ್ಟೆಯಲ್ಲಿ ಕೂರುತ್ತಾರೆ, ಬಚ್ಚಲಿಗೆ ಎಷ್ಟು ಮೆಟ್ಟಿಲು, ಇದನ್ನೆಲ್ಲ ನೋಡಲಿ. ಸೊಂಟ ನೋವಿನವರಿಗೆ ವಾರಗಟ್ಟಲೆ ಮಲಗಿ ಅನ್ನುವ ಕಾಲ ಹೋಯಿತು. ಆಗುವಷ್ಟು ಓಡಾಡಿ ಅನ್ನುತ್ತೇವೆ. ಎಲ್ಲಿ, ಹೇಗೆ ಓಡಾಡುವುದು ಅಂತ ಮನೆ ನೋಡದೆ ಹೇಗೆ ಹೇಳುವುದು?

ಏಳನೇ ತಿಂಗಳಿಗೆ ಅಕ್ಕ ಫೋನ್ ಮಾಡಿದರು. ಮೇಲಿನ ಗೆಲ್ಲಿನ ಮೊಗ್ಗು ಬಲಗೈಯಲ್ಲೇ ಕೊಯ್ದರಂತೆ. ತಲೆಯ ಹಿಂದಕ್ಕೆ ಕೈ ಇನ್ನೂ ಪೂರ್ತಿ ಹೋಗುವುದಿಲ್ಲ. ಹೂ ಮುಡಿಸುವುದು ಸದ್ಯಕ್ಕೆ ಸೊಸೆಯೇ.